ಮೂರು ಸಲ ತೊಳೆದ ಅಕ್ಕಿ

ಮರುಭೂಮಿಯ ಬೆಟ್ಟಗಳಲ್ಲಿ ನಮ್ಮ ನೀರು ಹೇಗೆ ಮುಗಿಯಿತು ಎಂಬ ಕಥೆಯನ್ನು ನಾನು ಕನಿಷ್ಠ ಇಪ್ಪತ್ತು ಸಲ ಹೇಳಿದ್ದೇನೆ. ಚೆನ್ನಾಗಿಯೇ ಹೇಳುತ್ತಿದ್ದೆ. ಆ ಕಥೆಯಿಂದಾಗಿ ನನ್ನ ಗೆಳೆಯನೊಬ್ಬನಿಗೆ ಒಂದು ಮನೆಯ ಬಾಗಿಲು ಮುಚ್ಚಿಹೋಗಿತ್ತು ಎಂಬುದು ನನಗೆ ಗೊತ್ತಾಗಲು ಒಂದೂವರೆ ವರ್ಷ ಹಿಡಿಯಿತು.

ಹೋದದ್ದು ಐರ್ಲೆಂಡಿನಲ್ಲಿ ನೆಲೆಸಿದ ನಾವು ಮೂವರು. ಒಬ್ಬ ಲೀಕ್ಸ್‌ಲಿಪ್‌ನಲ್ಲಿ ಚಿಪ್ ತಯಾರಿಸುವ ಇಂಜಿನಿಯರ್. ಇನ್ನೊಬ್ಬ ಕಾರ್ಕ್ ನಗರದ ಪಕ್ಕದ ಬ್ಯಾಲಿನ್‌ಕೊಲಿಗ್‌ನಲ್ಲಿ ಸಾಫ್ಟ್‌ವೇರ್‌ನವನು. ನಮ್ಮೊಳಗೆ ಅಡುಗೆ ಬರುವವನು ಅವನೊಬ್ಬನೇ. ಮೂರನೆಯವನು ನಾನು, ಮೇನೂತ್‌ನಲ್ಲಿ ಸಂಶೋಧಕ. ಜನ ನೆನಪಿನಿಂದ ತುಂಬಿ ಕೊಟ್ಟ ಪ್ರಶ್ನಾವಳಿಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಪರೀಕ್ಷಿಸಿ ಹೇಳುವುದು ನನ್ನ ಕೆಲಸ. ಸಾಮಾನ್ಯವಾಗಿ ಹೆಚ್ಚು ನಂಬಬಾರದು ಎಂದೇ ಹೇಳುತ್ತೇನೆ. ಓದಲು ಬಂದ ವರ್ಷ ಮೂವರೂ ಡಬ್ಲಿನ್‌ನ ಒಂದೇ ಮನೆಯಲ್ಲಿದ್ದೆವು.

ಐದು ತಿಂಗಳು ಒದ್ದೆ ಹುಲ್ಲನ್ನೇ ನೋಡಿದವರಿಗೆ ಹುಲ್ಲಿಲ್ಲದ ಜಾಗ ನೋಡಬೇಕೆನಿಸುತ್ತದೆ. ಮೊದಲ ಲಾಕ್‌ಡೌನ್‌ಗೆ ಮೂರು ವಾರ ಮುಂಚೆ ಮೊರಾಕೊಗೆ ಹೋದೆವು. ಬಾಡಿಗೆಗೆ ಒಂದು ಜೀಪು, ಎರಡು ಡೇರೆ, ಮುಂದೆ ತನ್ನ ಗಾಡಿಯಲ್ಲಿ ದಾರಿ ತೋರಿಸುವ ಒಬ್ಬ ಸ್ಥಳೀಯ ಗೈಡ್. ಎರಡು ದಿನದ ದಾರಿ. ಅದನ್ನು ದಾರಿ ಎಂದು ಕರೆಯುತ್ತಿದ್ದವನು ಗೈಡ್ ಮಾತ್ರ. ಒಣಗಿದ ಹೊಳೆಯ ಪಾತ್ರದಲ್ಲಿ, ಟೈರಿನ ಗಾಳಿ ಅರ್ಧ ಇಳಿಸಿ, ಗುಂಡುಕಲ್ಲುಗಳ ಮೇಲೆ ಗಂಟೆಗೆ ಏಳೆಂಟು ಕಿಲೋಮೀಟರ್ ವೇಗದಲ್ಲಿ ಹತ್ತಿದೆವು. ಎರಡೂ ಕಡೆ ಕಂದು ಬೆಟ್ಟ, ಅದರ ಹಿಂದೆ ಇನ್ನಷ್ಟು ಕಂದು ಬೆಟ್ಟ. ಇಂಜಿನಿಯರ್ ನೂರಾರು ಫೋಟೊ ತೆಗೆದ. ಈಗ ನೋಡಿದರೆ ಎಲ್ಲವೂ ಒಂದೇ ಫೋಟೊ.

ನೀರು ಐದು ಲೀಟರಿನ ಆರು ಕ್ಯಾನ್ ಇತ್ತು. ನಾವು ಬಾಟಲಿಗೆ ತುಟಿ ತಾಗಿಸದೆ ಎತ್ತಿ ಕುಡಿಯುವ ಜನ. ಗಾಳಿ ಜೋರಾಗಿತ್ತು, ಅರ್ಧ ನೀರು ಗಡ್ಡಕ್ಕೆ ಹೋಯಿತು. ಮೂರು ವಾರದ ನಂತರ ಜಗತ್ತೆಲ್ಲ ಇದನ್ನು ಒಳ್ಳೆಯ ಅಭ್ಯಾಸ ಎನ್ನತೊಡಗಿತು, ಅದು ಬೇರೆ ಮಾತು. ಮೊದಲ ಸಂಜೆ ಗೈಡ್ ತನ್ನ ರೊಟ್ಟಿ ಬಿಚ್ಚಿದ. ನಾವು ಡಬ್ಲಿನ್‌ನಿಂದ ಸೋನಾ ಮಸೂರಿಯನ್ನೂ ಕುಕ್ಕರನ್ನೂ ಹೊತ್ತು ತಂದಿದ್ದೆವು. ಕುಕ್ಕರ್ ಮೂರು ಕೂಗು ಕೂಗಿತು, ಎದುರಿನ ಬೆಟ್ಟವೂ ಮೂರು ಕೂಗು ಕೂಗಿತು. ಗೈಡ್ ಎದ್ದು ತನ್ನ ಗಾಡಿಯ ಹತ್ತಿರ ಹೋಗಿ ನಿಂತ.

ಅದಕ್ಕೂ ಮುಂಚೆ ಅಕ್ಕಿ ತೊಳೆದದ್ದು. ಮನೆಯಲ್ಲಿ ತೊಳೆಯುವ ಹಾಗೆಯೇ, ಸುರಿದು, ಕಿವುಚಿ, ಬಗ್ಗಿಸಿ, ಮತ್ತೆ ಸುರಿದು. ಹೆಚ್ಚುಕಡಿಮೆ ಒಂದು ಕ್ಯಾನ್ ನೀರು ಬೆಳ್ಳಗೆ ಕಲ್ಲಿನ ಸಂದಿಗಿಳಿಯಿತು. ಅದು ತಪ್ಪು ಎಂದು ಯಾರಿಗೂ ಹೊಳೆಯಲಿಲ್ಲ. ಅಕ್ಕಿ ಎಂದರೆ ತೊಳೆಯುವುದೇ.

ಎರಡನೆಯ ದಿನ ಮುಂದಿನ ಕಣಿವೆಯಲ್ಲಿ ಬಂಡೆ ಕುಸಿದು ದಾರಿ ಮುಚ್ಚಿತ್ತು. ಬಂದ ದಾರಿಯಲ್ಲೇ ಹಿಂತಿರುಗಬೇಕಾಯಿತು. ಎರಡು ದಿನದ ನೀರಿನಲ್ಲಿ ಮೂರು ದಿನ. ಬಿಸಿಲೇನೂ ತೀರ ಇರಲಿಲ್ಲ, ಆದರೆ ಇಂಜಿನಿಯರ್‌ಗೆ ಹೊಟ್ಟೆ ಕೆಟ್ಟಿತ್ತು. ಮೂರನೆಯ ದಿನ ಮಧ್ಯಾಹ್ನ ಚಕ್ರದಡಿಗೆ ಕಲ್ಲು ಕೊಡುತ್ತಿದ್ದವನು ಹಾಗೇ ಪಕ್ಕಕ್ಕೆ ಮಲಗಿದ. ಕ್ಯಾನುಗಳಲ್ಲಿ ಒಂದು ಲೋಟದಷ್ಟು ನೀರೂ ಇರಲಿಲ್ಲ. ಗೈಡ್ ತನ್ನ ಚಹಾದ ಕೆಟಲ್ಲಿನಲ್ಲಿದ್ದದ್ದನ್ನು ಕುಡಿಸಿದ. ಪಟ್ಟಣದ ಆಸ್ಪತ್ರೆ ಮುಟ್ಟಲು ಆರು ಗಂಟೆ ಬೇಕಾಯಿತು. ಇನ್ನೂ ತಡವಾಗಿದ್ದರೆ ಕಿಡ್ನಿ ಹೋಗುತ್ತಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರು.

ಡಬ್ಲಿನ್ ವಿಮಾನನಿಲ್ದಾಣಕ್ಕೆ ಇಂಜಿನಿಯರ್‌ನ ಹೆಂಡತಿ ಬಂದಿದ್ದರು. ಬ್ಯಾಲಿನ್‌ಕೊಲಿಗ್‌ನ ಗೆಳೆಯ ಆಗಲೇ ಕಾರ್ಕ್ ಬಸ್ಸು ಹಿಡಿದಿದ್ದ.

"ಅಣ್ಣ, ಮೂರು ಜನ ಓದಿರೋರು ಇದ್ದೀರ. ನೀರು ಹೆಂಗೆ ಖಾಲಿ ಆಗತ್ತೆ?" ಎಂದು ಆಕೆ ಕೇಳಿದರು.

"ನಮ್ಮ ಅಡುಗೆ ಭಟ್ಟ ಅಕ್ಕಿ ತೊಳೆದ. ಮೂರು ಸಲ," ಎಂದೆ.

ಸುಳ್ಳು ಹೇಳಲಿಲ್ಲ. ನನಗೆ ಕಾಣುತ್ತಿತ್ತು.

ಆಮೇಲೆ ಲಾಕ್‌ಡೌನ್. ಮನೆಯಿಂದ ಐದು ಕಿಲೋಮೀಟರಿನೊಳಗೆ ಮಾತ್ರ ಓಡಾಡಬಹುದೆಂಬ ನಿಯಮ ಬಂದಾಗ ನಾನು ನಕ್ಷೆಯಲ್ಲಿ ವೃತ್ತ ಎಳೆದುಕೊಂಡು ಅದರ ಅಂಚಿನಲ್ಲೇ ನಡೆಯುತ್ತಿದ್ದೆ. ಸುಮ್ಮನೆ ಕೂರುವುದು ನನಗೆ ಆಗುವುದಿಲ್ಲ. ಪ್ರತಿ ಶನಿವಾರ ಮೂವರೂ ವಿಡಿಯೊದಲ್ಲಿ ಸೇರುತ್ತಿದ್ದೆವು. ಯಾರ ಬಳಿಯೂ ಹೊಸ ಸುದ್ದಿ ಇರಲಿಲ್ಲ, ಹಾಗಾಗಿ ಹಳೆಯದನ್ನೇ ಹೇಳುತ್ತಿದ್ದೆವು. ಅಕ್ಕಿಯ ಕಥೆಯಲ್ಲಿ ಗೈಡ್‌ನ ಮುಖ ಸೇರಿತು, ಬೆಳ್ಳನೆಯ ನೀರು ಸೇರಿತು, ಗೆಳೆಯ ಪ್ರತಿ ಸಲ ಬೆರಳಲ್ಲಿ ಒಂದು ಕಾಳು ಹಿಡಿದು ನೋಡಿದ್ದೂ ಸೇರಿತು.

"ನಾನಾ ತೊಳೆದಿದ್ದು? ನಂಗೆ ನೆನಪೇ ಇಲ್ವಲ್ಲೋ," ಎಂದ ಅವನು ಮೊದಲ ಸಲ.

"ಇನ್ಯಾರು ಮತ್ತೆ? ಅಡುಗೆ ಭಟ್ಟ ನೀನು ತಾನೆ," ಎಂದು ಇಂಜಿನಿಯರ್ ನಕ್ಕ. ಅವನ ಹಿಂದೆ ಬಟ್ಟೆ ಮಡಿಸುತ್ತಿದ್ದ ಹೆಂಡತಿ ನಗಲಿಲ್ಲ.

ಕೆಲವು ತಿಂಗಳಲ್ಲಿ ಗೆಳೆಯ ಶನಿವಾರಗಳನ್ನು ತಪ್ಪಿಸತೊಡಗಿದ. ಕೆಲಸ ಜಾಸ್ತಿ ಎಂದ, ನಾವು ನಂಬಿದೆವು. ಹಿಂದೆ ಪ್ರತಿ ಯುಗಾದಿಗೆ ಅವನು ಕಾರ್ಕ್‌ನಿಂದ ಬಂದು ಇಂಜಿನಿಯರ್ ಮನೆಯ ಅಡುಗೆಕೋಣೆಯಲ್ಲಿ ಹೋಳಿಗೆ ಮಾಡುತ್ತಿದ್ದ. ಈಗ ಜಿಲ್ಲೆ ದಾಟುವಂತಿರಲಿಲ್ಲವಾದ್ದರಿಂದ ಅವನು ಬರುತ್ತಿಲ್ಲ ಎಂಬುದು ಯಾರಿಗೂ ವಿಚಿತ್ರವೆನಿಸಲಿಲ್ಲ. ಎರಡನೆಯ ಬೇಸಿಗೆಗೆ ಜಿಲ್ಲೆಗಳು ತೆರೆದವು. ಇಂಜಿನಿಯರ್‌ನ ಮಗಳಿಗೆ ಒಂಬತ್ತು ತುಂಬುವುದಿತ್ತು, ಹಿತ್ತಲಲ್ಲಿ ಪಾರ್ಟಿ. ಅವನ ಹೆಂಡತಿ ನನ್ನನ್ನು ಕರೆದರು. ಎರಡು ದಿನದ ನಂತರ ಬ್ಯಾಲಿನ್‌ಕೊಲಿಗ್‌ನಿಂದ ಫೋನ್.

"ನಿನ್ನನ್ನ ಕರೆದ್ರಾ?"

"ಹ್ಞೂಂ. ನಿನ್ನನ್ನ?"

"ಇಲ್ಲ. ಪರ್ವಾಗಿಲ್ಲ, ಗ್ರಾಂಡ್," ಎಂದ. ಚಿಂತೆಯಿಲ್ಲ ಎನ್ನಲು ಇಲ್ಲಿನವರು ಬಳಸುವ ಮಾತು ಅದು. ಆಮೇಲೆ, "ಒಂದು ಮಾತು ಕೇಳ್ಲಾ? ನಾನು ಅಕ್ಕಿ ತೊಳೀವಾಗ ನೀನು ಎಲ್ಲಿದ್ದೆ?" ಎಂದ.

ಆಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಅಂದು ಆ ವೃತ್ತದ ಅಂಚಿನಲ್ಲೇ ಎರಡು ಗಂಟೆ ನಡೆದೆ, ನಿಯಮ ಹೋಗಿದ್ದರೂ. ನೆನಪಿನಲ್ಲಿ ಪಾತ್ರೆಯಿತ್ತು, ಅಕ್ಕಿಯಿತ್ತು, ಎರಡು ಕೈಗಳಿದ್ದವು. ಅವನ ಮುಖ ಇರಲಿಲ್ಲ. ಆ ಕೈಗಳು ನನಗೆ ಮೇಲಿನಿಂದ ಕಾಣುತ್ತಿದ್ದವು, ಬೆರಳುಗಳು ಮುಂದಕ್ಕೆ ಚಾಚಿ. ಯಾರ ಕೈಗಳೇ ಆಗಲಿ, ಹಾಗೆ ಕಾಣುವುದು ಆ ಕೈಗಳ ಒಡೆಯನಿಗೆ ಮಾತ್ರ.

ಇಷ್ಟನ್ನೇ ಆಧಾರ ಎನ್ನುವಂತಿಲ್ಲ. ಬೇರೆ ಯಾರಾದರೂ ಪ್ರಶ್ನಾವಳಿಯಲ್ಲಿ ಬರೆದಿದ್ದರೆ ನಾನೇ ಹೊಡೆದುಹಾಕುತ್ತಿದ್ದೆ. ಗೈಡ್‌ಗೆ ಮೆಸೇಜ್ ಮಾಡಿದೆ: ಆ ಸಂಜೆಯ ಫೋಟೊ ಏನಾದರೂ ಇದೆಯೇ? ಪ್ರವಾಸಿಗರಿಲ್ಲದೆ ಮನೆಯಲ್ಲಿ ಕೂತಿದ್ದ ಅವನಿಂದ ಹತ್ತು ನಿಮಿಷದಲ್ಲಿ ಒಂದು ವಿಡಿಯೊ ಬಂತು. ಕುಡಿಯುವ ನೀರನ್ನು ಅಕ್ಕಿಗೆ ಹಾಕಿ ನೆಲಕ್ಕೆ ಚೆಲ್ಲಿದರು ಎಂದರೆ ತನ್ನ ತಾಯಿ ನಂಬುವುದಿಲ್ಲ, ಅದಕ್ಕೇ ತೆಗೆದಿದ್ದೆ ಎಂದು ಬರೆದಿದ್ದ. ಈಗ ನಂಬಿದ್ದಾರಂತೆ.

ವಿಡಿಯೊದಲ್ಲಿ ಒಬ್ಬ ಮನುಷ್ಯ ಕುಕ್ಕುರುಗಾಲಿನಲ್ಲಿ ಕೂತು ಅಕ್ಕಿ ತೊಳೆಯುತ್ತಿದ್ದಾನೆ. ಹಿಂದೆ, ದೂರದಲ್ಲಿ, ಬ್ಯಾಲಿನ್‌ಕೊಲಿಗ್‌ನ ಗೆಳೆಯ ಡೇರೆಯ ಗೂಟ ಹೊಡೆಯುತ್ತಿದ್ದಾನೆ. ಗೈಡ್‌ನ ದನಿ ಇಂಗ್ಲಿಷಿನಲ್ಲಿ, ನೀರು ಸಾಕಾಗುತ್ತದೆಯೇ ಎಂದು ಕೇಳುತ್ತದೆ. ಕೂತವನು ಕ್ಯಾಮೆರಾದತ್ತ ತಿರುಗಿ, "ಇಟ್ಸ್ ಗ್ರಾಂಡ್," ಎನ್ನುತ್ತಾನೆ. ನಾನು.

ಮೊದಲು ಲೀಕ್ಸ್‌ಲಿಪ್‌ಗೆ ಫೋನ್ ಮಾಡಿ ಇಂಜಿನಿಯರ್‌ನ ಹೆಂಡತಿಗೆ ಹೇಳಿದೆ.

"ಒಂದೂವರೆ ವರ್ಷದಿಂದ ನಾನು ಅವ್ರ ಫೋನ್ ಎತ್ತಿಲ್ಲ," ಎಂದರು ಆಕೆ. "ಹೋದ ವರ್ಷ ಸಾರಿ ಅಂತ ಉದ್ದುದ್ದ ಮೆಸೇಜ್ ಕಳ್ಸಿದ್ರು. ಅದಕ್ಕೂ ಉತ್ತರ ಕೊಟ್ಟಿಲ್ಲ."

"ಯಾತಕ್ಕೆ ಸಾರಿ?"

"ಅಕ್ಕಿ ತೊಳೆದಿದ್ದಕ್ಕೆ."

ಕೂಡಲೇ ಗೆಳೆಯನಿಗೆ ವಿಡಿಯೊ ಕಳಿಸಿ, ಫೋನ್ ಮಾಡಿದೆ. "ಮಾಡದೇ ಇದ್ದದ್ದನ್ನ ಯಾಕೋ ಒಪ್ಕೊಂಡೆ?"

"ನೀನು ಅಷ್ಟು ಡೀಟೇಲಾಗಿ ಹೇಳ್ತಿದ್ದೆಯಲ್ಲೋ," ಎಂದ. "ಕೇಳಿ ಕೇಳಿ ನಂಗೂ ನೆನಪು ಬಂತು. ಬೆಳ್ಳಗೆ ನೀರು ಹೋಗಿದ್ದು, ಕಾಳು ಹಿಡ್ಕೊಂಡು ನೋಡಿದ್ದು, ಎಲ್ಲಾ. ನಾನು ಅವನನ್ನ ಸಾಯಿಸ್ತಿದ್ದೆ ಅಂತ ಆರು ತಿಂಗಳು ಸರಿಯಾಗಿ ನಿದ್ದೆ ಮಾಡಿಲ್ಲ ಕಣೋ." ಅವನ ಕಡೆಯಿಂದ ವಿಡಿಯೊದ ಸದ್ದು ಕೇಳಿಸಿತು, ನನ್ನ ದನಿಯಲ್ಲಿ ಇಟ್ಸ್ ಗ್ರಾಂಡ್ ಎಂದು. ಕೊನೆಯವರೆಗೂ ನೋಡಿದ.

"ಮೂರಲ್ಲ, ನಾಲ್ಕು ಸಲ ತೊಳೆದಿದ್ದೀಯ," ಎಂದ. ಫೋನ್ ಇಟ್ಟ.

ನಾನು ಮತ್ತೆ ಎಣಿಸಿದೆ. ನಾಲ್ಕು.

ಅವನು ಪಾರ್ಟಿಗೆ ಬರುತ್ತಾನೋ ಇಲ್ಲವೋ ನನಗೆ ತಿಳಿದಿರಲಿಲ್ಲ. ಆಕೆ ತಾವೇ ಅವನಿಗೆ ಫೋನ್ ಮಾಡಿದ್ದರಂತೆ. ಏನು ಮಾತಾಡಿದರೆಂದು ಇಬ್ಬರೂ ನನಗೆ ಹೇಳಿಲ್ಲ, ನಾನು ಕೇಳುವಂತೆಯೂ ಇರಲಿಲ್ಲ. ನಾನು ತಲುಪುವಷ್ಟರಲ್ಲಿ ಅವನು ಅಡುಗೆಮನೆಯಲ್ಲಿದ್ದ. "ಅಣ್ಣ, ಉಪ್ಪು ನೋಡಿ," ಎಂದು ಆಕೆ ಅವನಿಗೆ ಹೇಳುವುದು ಹಿತ್ತಲಿಗೆ ಕೇಳಿಸಿತು. ನನ್ನನ್ನು ಕಂಡಾಗ, "ಬನ್ನಿ, ಕೂತ್ಕೊಳ್ಳಿ," ಎಂದರು. ಅಣ್ಣ ಎನ್ನಲಿಲ್ಲ.

ಅವನು ನನ್ನ ಜೊತೆ ಹವಾಮಾನದ ಬಗ್ಗೆ ಮಾತಾಡಿದ. ಇಲ್ಲಿ ಅದು ಎಷ್ಟು ಹೊತ್ತಾದರೂ ಮುಗಿಯದ ವಿಷಯ. ಕೇಕ್ ಕತ್ತರಿಸಿದ ಮೇಲೆ ಮಗಳು, ಶಾಲೆಯ ಗೆಳತಿಯರನ್ನು ಸಾಲಾಗಿ ಹುಲ್ಲಿನ ಮೇಲೆ ಕೂರಿಸಿ, ಐರಿಷ್ ಮಕ್ಕಳದೇ ಧಾಟಿಯಲ್ಲಿ, "ಅಂಕಲ್, ಟೆಲ್ ದ ರೈಸ್ ಸ್ಟೋರಿ," ಎಂದಳು. ನನ್ನನ್ನು ನೋಡಿ ಹೇಳಿದ್ದು. ಇಂಜಿನಿಯರ್ ಕೈಯಲ್ಲಿದ್ದ ತಟ್ಟೆಯನ್ನು ನೋಡಿಕೊಂಡ. ಅವನ ಹೆಂಡತಿ ಬಾಗಿಲಲ್ಲೇ ನಿಂತರು.

"ನಾನು ಹೇಳ್ತೀನಿ," ಎಂದ ಬ್ಯಾಲಿನ್‌ಕೊಲಿಗ್‌ನ ಗೆಳೆಯ.

ಕುರ್ಚಿ ಎಳೆದುಕೊಂಡು ಮಕ್ಕಳೆದುರು ಕೂತ. ಇಂಗ್ಲಿಷಿನಲ್ಲಿ ಹೇಳಿದ, ಚೆನ್ನಾಗಿಯೇ ಹೇಳಿದ. ಬೆಟ್ಟ, ಜೀಪು, ಕೂಗಿದ ಕುಕ್ಕರ್, ಎದ್ದು ನಿಂತ ಗೈಡ್. ಕಾಳು ಹಿಡಿದು ನೋಡಿದ್ದನ್ನೂ ಬಿಡಲಿಲ್ಲ. ಈಗ ನೋಡಿದವನು ನಾನು. ಅವನ ಕಥೆಯಲ್ಲಿ ನಾನು ಅಕ್ಕಿಯನ್ನು ಐದು ಸಲ ತೊಳೆದೆ.

ಅವನು ಐದು ಬೆರಳು ಎತ್ತಿ ತೋರಿಸುತ್ತಾ ನನ್ನತ್ತ ನೋಡಿದ. ವಿಡಿಯೊ ನನ್ನ ಜೇಬಿನಲ್ಲಿತ್ತು. ಹೌದು, ಐದು ಎಂದೆ.