ಅಪ್ಪ ಏಳುವ ಹೊತ್ತು

ಚಿಂತೆ ಮಾಡುವುದರಲ್ಲಿ ನಾನು ಚಿಕ್ಕಂದಿನಿಂದಲೂ ಹುಷಾರು. ಪೊಲೀಸ್ ಆಕ್ಷನ್ನಿಗೆ ಮುಂಚಿನ ಆ ಮಳೆಗಾಲದಲ್ಲಿ ಇಡೀ ಭಾಲ್ಕಿಯೇ ಚಿಂತೆಗೆ ಬಿದ್ದಿದ್ದರಿಂದ ನನ್ನ ಹೆಚ್ಚುಗಾರಿಕೆ ಯಾರಿಗೂ ಕಾಣಲಿಲ್ಲ. ದಿನಕ್ಕೊಂದು ದಾಳಿಯ ಸುದ್ದಿ, ಇವತ್ತು ಔರಾದ ಕಡೆಯದು, ನಾಳೆ ಕಮಲನಗರದ್ದು. ಓಣಿಯವರು ರಾತ್ರಿ ಪಹರೆ ಹಾಕಿದರು. ಶಾಲೆಯ ಮಾಸ್ತರನೆಂದು ಪಾಳಿಯ ಪಟ್ಟಿ ನನ್ನಿಂದ ಬರೆಸಿದರು. ಇಬ್ಬಿಬ್ಬರಂತೆ ನಾಲ್ಕು ಪಾಳಿ, ನನ್ನದು ಎರಡನೆಯದು. ಓಣಿಯಲ್ಲಿ ಗಡಿಯಾರವಿರಲಿಲ್ಲ. ಪಾಳಿ ಬದಲಾಗುವ ಹೊತ್ತು ತಿಳಿಯುವುದು ಹೇಗೆಂದು ಕೇಳಿದ್ದಕ್ಕೆ, "ಚಿಕ್ಕಿ ನೋಡ್ರಿ" ಎಂದೆ. ಮೇಲೆ ಮೋಡ ಕವಿದು ಒಂದು ನಕ್ಷತ್ರವೂ ಕಾಣದ್ದನ್ನು ನೋಡಿರಲಿಲ್ಲ. ಆದರೂ ದಿನಾ ಯಾರೋ ಸರಿಯಾದ ಹೊತ್ತಿಗೆ ಬಂದು ಎಬ್ಬಿಸುತ್ತಿದ್ದರು.

ನನ್ನ ದೊಡ್ಡ ಚಿಂತೆ ಅಪ್ಪ. ಎಪ್ಪತ್ತು ದಾಟಿದ ಅವರಿಗೆ ರಾತ್ರಿ ನಾಲ್ಕು ಸಲ ಉಚ್ಚೆಗೆ ಏಳಬೇಕು. ಕೋಲೂರಿಕೊಂಡು, ಕೆಮ್ಮುತ್ತ, ಓಣಿಯ ಕೊನೆಯ ಬೇವಿನ ಗಿಡದ ತನಕ ಹೋಗುವರು. ಹೊರಗಿನಿಂದ ಯಾರಾದರೂ ನುಗ್ಗಿದರೆ ಮೊದಲು ಕೈಗೆ ಸಿಗುವವರು ಅವರೇ. ಬಾಗಿಲ ಹಿಂದೆ ಒಂದು ಗಡಿಗೆ ತಂದಿಟ್ಟೆ.

"ಇದ್ಯಾಕೋ?"

"ರಾತ್ರಿ ಹೊರಗ ಹೋಗೂದು ಬ್ಯಾಡಪ್ಪ. ಇದರಾಗ..."

"ನಾಳಿ ತೊಟ್ಟಿಲಾನೂ ಕಟ್ತೀಯೇನು?"

ಗಡಿಗೆ ಅಟ್ಟ ಸೇರಿತು. ಆಮೇಲೆ ಒಂದು ಉಪಾಯ ಮಾಡಿದೆ. ದೀಪ ಹಚ್ಚಿದ ಮೇಲೆ ಅಪ್ಪನಿಗೆ ನೀರು, ಮಜ್ಜಿಗೆ ಬಂದ್. ಗೊಣಗುತ್ತಲೇ ಮಲಗಿದರು, ಬೆಳತನಕ ಏಳಲಿಲ್ಲ. ನನಗೂ ಗಡದ್ದು ನಿದ್ದೆ. ಅವತ್ತು ಪಾಳಿಗೆ ಯಾರೂ ಎಬ್ಬಿಸಲಿಲ್ಲ. ಮಾಸ್ತರನೆಂದು ಕರುಣೆ ತೋರಿಸಿದರೆಂದು ತಿಳಿದು ಹಿಗ್ಗಿದೆ.

ಬೆಳಿಗ್ಗೆ ಮೊದಲ ಪಾಳಿಯವ, ಎದುರು ಮನೆಯ ಕುರಿಗಾರ, ಕೆಂಪು ಕಣ್ಣು ಮಾಡಿಕೊಂಡು ಬಂದ.

"ಮಾಸ್ತರ್ರ, ಮುತ್ಯಾ ಆರಾಮ ಅದಾರಿಲ್ಲೊ?"

"ಅದಾರ. ಯಾಕ?"

"ರಾತ್ರಿ ಎದ್ದೇ ಇಲ್ಲಲ್ಲರಿ. ಮುತ್ಯಾ ಮೊದಲ್ನೇ ಸಲ ಗಿಡಕ್ಕ ಹೋದ್ರ ನಮ್ಮ ಪಾಳಿ ಮುಗೀತು, ನಿಮ್ದು ಸುರು. ಎರಡ್ನೇ ಸಲ ಹೋದ್ರ ನಿಮ್ದೂ ಮುಗೀತು. ನಾವಿಬ್ರು ಕೋಳಿ ಕೂಗೂತನಕ ಅವರ ಕೆಮ್ಮಿನ ದಾರಿ ಕಾಯ್ಕೋತ ನಿಂತೇವ್ರಿ."

ನೀರು ಬಂದ್ ಮಾಡಿದ್ದನ್ನು ಒಪ್ಪಿಕೊಂಡೆ. ಅವನು ನನ್ನನ್ನೇ ನೋಡಿದ.

"ಪಾಳಿ ತಪ್ಪಿಸ್ಕೊಳ್ಳಾಕ ಹಡದ ಅಪ್ಪನ್ನ ಒಣಗಿಸಿದ್ರೇನ್ರಿ?"

ಒಳಗೆ ಕೇಳುತ್ತಿದ್ದ ಅಪ್ಪ ನನ್ನ ಹೆಂಡತಿಗೆ ಹೇಳಿದರು: "ಸಂಜಿಗಿ ದೊಡ್ಡ ಚೆಂಬಿನಾಗ ಮಜ್ಜಿಗಿ ಇಡವ್ವ. ನನಗ ಓಣಿ ಕಾಯೋದದ."

ಅಂದಿನಿಂದ ಕಂದೀಲು ಹಿಡಿದು ನಾಲ್ಕೂ ಸಲ ಅಪ್ಪನ ಹಿಂದೆ ನಾನೂ ಹೋದೆ. ಕಾವಲಿಗೆ ಎಂದು ಹೇಳಿಕೊಂಡೆ. ಮೊದಲ ರಾತ್ರಿಯೇ ಗಿಡದ ಹತ್ತಿರ ಏನೋ ಸರಕ್ಕೆಂದಿತು, ನಾನು ಅಪ್ಪನ ಧೋತರದ ಚುಂಗು ಹಿಡಿದೆ. ಅಪ್ಪ ತಿರುಗಿ ನೋಡದೆ ಅಂದರು: "ಬಂದದ್ದು ಬಂದಿ, ನೀನೂ ಹೊಯ್ದು ಬಾ. ಅಂಜಿದವಗ ತಡಿಯಂಗಿಲ್ಲ."

ತಡೆಯಲಿಲ್ಲ ನಿಜ.

ಸೈನ್ಯ ಬಂದು ಪೊಲೀಸ್ ಆಕ್ಷನ್ ಆಯಿತು, ಪಹರೆ ನಿಂತಿತು. ಅಪ್ಪನ ಕೆಮ್ಮು ಮಾತ್ರ ಕೊನೆಯವರೆಗೂ ಹೊತ್ತು ತಪ್ಪಲಿಲ್ಲ. ಈಗ ನನಗೆ ಐವತ್ತು. ರಾತ್ರಿ ಮೂರು ಸಲ ಏಳುತ್ತೇನೆ. ಕೆಮ್ಮುವುದಿಲ್ಲ, ಕಂದೀಲೂ ಹಚ್ಚುವುದಿಲ್ಲ, ಗೋಡೆ ಸವರಿಕೊಂಡು ಹೋಗುತ್ತೇನೆ. ಹೆಂಡತಿಗೆ ಎಚ್ಚರವಾದರೆ ಕಷ್ಟ. ಆ ಗಡಿಗೆಯನ್ನು ಅವಳು ಇನ್ನೂ ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿದ್ದಾಳೆ.