ಲಾರಿ ತಿಂದ ಉಪ್ಪು

ನಮ್ಮ ಲಾರಿಯನ್ನು ತಿಂದದ್ದು ಸಮುದ್ರವಲ್ಲ, ಸೊಸೆ ಕಟ್ಟಿದ ಉಪ್ಪು. ಮಗ ಗೋಪಾಲ ಇಂದಿಗೂ ಮದ್ರಾಸಿನ ಮರೀನಾದ ಗಾಳಿಯನ್ನೇ ಬಯ್ಯುತ್ತಾನೆ. ಗಾಳಿ ಎದುರು ಮಾತಾಡುವುದಿಲ್ಲ, ಹೆಂಡತಿ ಮಾತಾಡುತ್ತಾಳೆ, ಅದಕ್ಕೆ.

ಕೋಯಂಬೇಡಿನ ಬಸ್ ಸ್ಟ್ಯಾಂಡು ಇನ್ನೂ ಹೊಸದಾಗಿದ್ದ ಕಾಲ. ಅಲ್ಲಿನ ಮಾರ್ಕೆಟ್ಟಿನಿಂದ ತರಕಾರಿ ತಂದು ತ್ರಿಪ್ಲಿಕೇನಿನ ಮೆಸ್ಸುಗಳಿಗೆ ಹಾಕುವ ಹಳೆಯ ಲಾರಿ ನಮ್ಮದು. ಮನೆಯ ಅನ್ನವೆಲ್ಲ ಅದರದೇ. ಒಮ್ಮೆ ಬ್ರೇಕು ಹಿಡಿಯದೆ ಗೋಪಾಲ ಕಂಬಕ್ಕೆ ಗುದ್ದಿ, ಒಂದು ಗೀರೂ ಆಗದೆ ಇಳಿದು ಬಂದ. ಅಂದಿನಿಂದ ಸೊಸೆ ಪದ್ಮ ಅಮಾವಾಸ್ಯೆಗೊಮ್ಮೆ ಕಲ್ಲುಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಗಾಡಿಗೆ ನಿವಾಳಿಸಿ ಡ್ರೈವರ್ ಸೀಟಿನ ಕೆಳಗೆ ಇಡತೊಡಗಿದಳು. ಹಳೆಯದನ್ನು ತೆಗೆಯುತ್ತಿರಲಿಲ್ಲ. ಕೆಟ್ಟ ಕಣ್ಣು ಎಷ್ಟಿವೆಯೋ, ಗಂಟೂ ಅಷ್ಟಿರಲಿ ಎಂದು. ಮದ್ರಾಸಿನ ಸೆಕೆಗೆ ಮನುಷ್ಯರೇ ನೀರಾಗುತ್ತಾರೆ, ಉಪ್ಪು ಸುಮ್ಮನಿರುತ್ತದೆಯೇ?

ಒಂದು ದಿನ ಅಡ್ಯಾರ್ ಸಿಗ್ನಲ್ಲಿನಲ್ಲಿ ಗೋಪಾಲನ ಕಾಲಡಿಯ ತಗಡು ಮುರಿದು ಎಡಗಾಲಿನ ಚಪ್ಪಲಿ ರಸ್ತೆಗೆ ಬಿತ್ತು. ಅಷ್ಟರಲ್ಲಿ ಹಸಿರು ದೀಪ ಬಂತು, ಬಿಟ್ಟು ಬಂದ. ಬಲಗಾಲಿನದನ್ನು ಎಸೆಯಲು ಮನಸ್ಸು ಬರದೆ ಇಟ್ಟುಕೊಂಡ. ಆ ವಾರವೇ ಗಾಡಿಗೆ ಎಫ್.ಸಿ. ಆಗಬೇಕು. ಓಡಿಸಲು ಯೋಗ್ಯ ಎಂದು ಆರ್.ಟಿ.ಓ.ದವರು ಹೇಳದಿದ್ದರೆ ಮೆಸ್ಸಿನವರು ಬೇರೆ ಲಾರಿ ನೋಡಿಕೊಳ್ಳುತ್ತಾರೆ.

"ಪುಟ್ಟಿ ಮೆತ್ತಿ ಪೇಂಟ್ ಹೊಡ್ದ್ರೆ ಮುಗೀತಮ್ಮಾ, ಅಷ್ಟೇ, ಅವ್ಳೋದಾನ್!" ಎಂದ.

"ದೋಸೆ ಕಾವಲಿ ತುಕ್ಕು ಹಿಡಿದ್ರೆ ಪೇಂಟ್ ಹೊಡೀತೀಯೇನೋ?" ಎಂದೆ.

ನನಗೆ ಲಾರಿ ಗೊತ್ತಿಲ್ಲ, ಕಾವಲಿ ಗೊತ್ತು. ತುಕ್ಕನ್ನು ಮುಚ್ಚಿದರೆ ಅದು ಬಾಗಿಲು ಹಾಕಿಕೊಂಡು ಉಣ್ಣುವ ನೆಂಟನ ಹಾಗೆ, ನಿಧಾನವಾಗಿ ಇನ್ನೂ ಹೆಚ್ಚು ಉಣ್ಣುತ್ತದೆ. ಕಬ್ಬಿಣ ಬೆಳ್ಳಗೆ ಕಾಣುವವರೆಗೆ ತಿಕ್ಕಬೇಕು, ಒಣಗಿಸಬೇಕು, ಮಿಕ್ಕಿದ್ದು ಆಮೇಲೆ. ಗೋಪಾಲ ತಂತಿ ಬ್ರಷ್ಷಿನಿಂದ ಉಜ್ಜಿದ, ನಾನು ಉಪ್ಪುಕಾಗದದಿಂದ. ಸೀಟು ಎತ್ತಿದಾಗ ಗಂಟುಗಳು ಸಿಕ್ಕವು. ಅವುಗಳ ಕೆಳಗೆ ಇರಬೇಕಾಗಿದ್ದ ತಗಡು ಸಿಗಲಿಲ್ಲ. ಹೊಸ ತಗಡು ಕೂಡಿಸಿ, ರಿವೆಟ್ ಹೊಡೆದು, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು, ಅದು ಒಣಗಿದ ಮೇಲೆ ಬಣ್ಣ ಹಚ್ಚಿದೆವು. ಎಫ್.ಸಿ. ಆಯಿತು.

ಅದೇ ಸಂಜೆ ಪದ್ಮ ಹೊಸ ಗಂಟು ಹಿಡಿದು ಗಾಡಿಯ ಹತ್ತಿರ ಬಂದಳು.

"ಇನ್ನು ಉಪ್ಪು ಬೇಡ ಕಣೇ."

"ಇವ್ರಿಗೆ ಏನಾದ್ರೂ ಆದ್ರೆ ಅತ್ತೆ?"

"ಆಯ್ತಲ್ಲ, ಚಪ್ಪಲಿ ಹೋಯ್ತು. ಇನ್ನೆರಡು ಅಮಾವಾಸ್ಯೆ ಕಳೆದಿದ್ರೆ ಕಾಲೂ ಹೋಗ್ತಿತ್ತು."

ಅವಳು ನಗಲಿಲ್ಲ, ಗಂಟನ್ನೂ ಬಿಡಲಿಲ್ಲ. ಕಂಬಕ್ಕೆ ಗುದ್ದಿದ ಸುದ್ದಿ ಬಂದ ದಿನ ಅವಳು ಹೊಸ್ತಿಲ ಮೇಲೆ ಕುಸಿದು ಕೂತದ್ದನ್ನು ನಾನು ನೋಡಿದ್ದೇನೆ. ಹೆದರಿಕೆಯನ್ನು ಕಿತ್ತುಕೊಂಡರೆ ಅದು ಇನ್ನೆಲ್ಲೋ ಹೋಗಿ ಕೂರುತ್ತದೆ. ಕಟ್ಟಲೇಬೇಕಾದರೆ ಗಾಡಿಯ ಹೊರಗೆ ಕಟ್ಟಬೇಕು, ಕಬ್ಬಿಣ ತಿನ್ನದ ಯಾವುದಾದರೂ ಒಂದನ್ನು.

ಮರುದಿನ ಬೆಳಿಗ್ಗೆ, ಗೋಪಾಲ ಕೋಯಂಬೇಡಿಗೆ ಹೊರಡುವ ಮುಂಚೆ, ಅವನ ಬಲಗಾಲಿನ ಆ ಒಂಟಿ ರಬ್ಬರ್ ಚಪ್ಪಲಿಯನ್ನು ಪದ್ಮನ ಕೈಯಲ್ಲೇ ನಿವಾಳಿಸಿ ಲಾರಿಯ ಹಿಂದೆ ಕಟ್ಟಿಸಿದೆ. ಆಮೇಲೆ ಒಳಗೆ ಹೋಗಿ, ಇನ್ನೂ ನಿವಾಳಿಸದ ಅವಳ ಉಪ್ಪಿನ ಗಂಟು ಬಿಚ್ಚಿ ಉಪ್ಪಿನಕಾಯಿಗೆ ಹಾಕಿದೆ.