ಎಡಗಡೆಯ ಎಸಳು

ದೇವರಿಗೂ ನನಗೂ ಜಗಳವೇನೂ ಆಗಿಲ್ಲ. ಜಗಳವಾಗಬೇಕಾದರೆ ಮೊದಲು ಮಾತುಕತೆಯಾದರೂ ಇರಬೇಕಲ್ಲ! ಮುಂಜಿಯಾದ ಹೊಸದರಲ್ಲಿ ಜಪಕ್ಕೆ ಕೂತು ಕಣ್ಣು ಮುಚ್ಚಿದರೆ ಉಳಿದವರಿಗೆಲ್ಲ ಏನೋ ಕಾಣುತ್ತಿತ್ತಂತೆ. ನನಗೆ ಅಡುಗೆಮನೆಯಲ್ಲಿ ಹುಯ್ಯುತ್ತಿರುವ ದೋಸೆ ಎಷ್ಟನೆಯದೆಂದು ಚುಂಯ್ ಸದ್ದಿನಿಂದಲೇ ತಿಳಿಯುತ್ತಿತ್ತು, ಅಷ್ಟೆ. ನಲವತ್ತು ವರ್ಷ ಕಾದೆ. ನಂಬಿಕೆ ಹೊರಟುಹೋಯಿತು ಎನ್ನುವುದಕ್ಕಿಂತ, ಅದು ಬಂದೇ ಇರಲಿಲ್ಲವೆಂದು ಒಂದು ದಿನ ಒಪ್ಪಿಕೊಂಡೆ ಎನ್ನುವುದೇ ಸರಿ. ಒಪ್ಪಿಕೊಂಡ ದಿನ ಹಸಿವೇನೂ ಕಡಿಮೆಯಾಗಲಿಲ್ಲ.

ತೊಡಕಿದ್ದದ್ದು ದೊಡ್ಡಮ್ಮನ ವಿಷಯದಲ್ಲಿ. ಅಮ್ಮನಿಲ್ಲದ ನನ್ನನ್ನು ಸಾಕಿದವಳು. ಮಂಚಿಕೇರಿಯ ಅವಳ ಮನೆಯಲ್ಲಿ ಪ್ರತಿ ಸಂಕಷ್ಟಿಯ ಗಣಪತಿ ಪೂಜೆ ನನ್ನ ಪಾಲಿಗೆ. ಶಿರಸಿಯಿಂದ ಸ್ಕೂಟರಿನಲ್ಲಿ ಹೋಗಿ, ಮಡಿ ಉಟ್ಟು, ಮಂತ್ರ ಹೇಳಿ, ಅವಳ ಕೈಯಡುಗೆ ಉಂಡು ಬರುವುದು ನನಗೂ ಇಷ್ಟವೇ. ಆದರೆ ಪ್ರತಿ ಸಲವೂ ಅವಳಿಗೆ ಸುಳ್ಳು ಹೇಳಿದಂತಾಗುತ್ತಿತ್ತು. ಈಚೆಗೊಂದು ಸಂಕಷ್ಟಿಯಂದು ಗಂಧ ತೇಯುತ್ತ ಹೇಳಿಯೇಬಿಟ್ಟೆ: "ದೊಡ್ಡಮ್ಮ, ಯಂಗೆ ದೇವ್ರ ಮೇಲೆ ನಂಬಿಕೆ ಇಲ್ಲೆ."

ಅವಳು ಹೂವಿನ ಬುಟ್ಟಿ ಕೆಳಗಿಟ್ಟಳು. ಇನ್ನು ಬರಬೇಡ ಎಂದುಬಿಟ್ಟರೆ? ಹೆದರಿಕೆಯಾಯಿತು.

"ಹಂಗಾರೆ ನೀ ಪೂಜೆ ಮಾಡ್ಲಕ್ಕ, ಮಾಡ್ಲಾಗ್ದ? ಅವನ್ನೇ ಕೇಳನ," ಎಂದಳು.

ಕೇಳುವುದೆಂದರೆ ಪ್ರಸಾದ ಕೇಳುವುದು. ಮೂರ್ತಿಯ ಎರಡೂ ಭುಜಕ್ಕೆ ದಾಸವಾಳದ ಒದ್ದೆ ಎಸಳು ಅಂಟಿಸಿ ಕಾಯಬೇಕು. ಬಲದ್ದು ಮೊದಲು ಬಿದ್ದರೆ ಆಗಬಹುದು, ಎಡದ್ದು ಬಿದ್ದರೆ ಕೂಡದು.

"ನಂಬದವನ ಕೈ ಬ್ಯಾಡ, ಆಚೆ ಸರಿ," ಎಂದು ಎಸಳುಗಳನ್ನು ತಾನೇ ಅಂಟಿಸಿದಳು. ಐದು ನಿಮಿಷದ ಹಿಂದೆ ನಂಬಿಕೆಯಿಲ್ಲವೆಂದು ಸಾರಿದವನು ನಾನು, ಬಲಗಡೆಯ ಎಸಳನ್ನೇ ನೆಟ್ಟ ಕಣ್ಣಿನಿಂದ ನೋಡುತ್ತ, ಬೀಳು ಮಾರಾಯ, ಬೀಳು ಎಂದು ಒಳಗೊಳಗೇ ಗೋಗರೆಯುತ್ತಿದ್ದೆ. ಅಷ್ಟು ಏಕಾಗ್ರತೆಯ ಪ್ರಾರ್ಥನೆ ನನ್ನಿಂದ ಜೀವಮಾನದಲ್ಲಿ ಆಗಿರಲಿಲ್ಲ.

ಬಲದ್ದೇ ಬಿತ್ತು.

"ಅವಂಗೆ ಅಡ್ಡಿಲ್ಯಡ," ಎಂದು ದೊಡ್ಡಮ್ಮ ಪಾಯಸ ತಿರುವಲು ಒಳಗೆ ಹೋದಳು.

ನಾನು ಅಭಿಷೇಕಕ್ಕೆಂದು ಮೂರ್ತಿಯನ್ನು ತಟ್ಟೆಯಲ್ಲಿಟ್ಟೆ. ನೀರು ಹುಯ್ದರೂ ಎಡಗಡೆಯ ಎಸಳು ಜಪ್ಪಯ್ಯ ಎನ್ನಲಿಲ್ಲ. ಉಗುರಿನಿಂದ ಕೆರೆದರೆ ಬೆರಳೆಲ್ಲ ಅಂಟಂಟು. ನಂಬಿಕೆಯಿಲ್ಲದವನಿಗೆ ಎಂಜಲಿನ ಭಯವೇನು, ನೆಕ್ಕಿ ನೋಡಿದೆ. ಪಂಚಾಮೃತಕ್ಕೆ ಇಟ್ಟಿದ್ದ ಜೇನುತುಪ್ಪ!

ಜನ್ಮವಿಡೀ ದೇವರನ್ನು ನಂಬಿದವಳು ನನಗಾಗಿ ದೇವರಿಗೇ ಮೋಸ ಮಾಡಿದ್ದಳು. ಅದೂ ಒಂದಿಷ್ಟೂ ಅಳುಕಿಲ್ಲದೆ, ಮನೆಯವರಿಗೆ ಮಾಡುವ ಹಾಗೆ. ಅವನೊಡನೆ ಅಷ್ಟು ಸಲುಗೆ ನನಗೆ ಎಂದೂ ಇರಲಿಲ್ಲ, ಇನ್ನು ಬರುವ ಲಕ್ಷಣವೂ ಇಲ್ಲ. ಕಣ್ಣು ಒದ್ದೆಯಾಯಿತು. ಅವಳು ಹೊರಗೆ ಬರುವ ಮೊದಲೇ ಗಣಪತಿಯ ಎಡಭುಜವನ್ನು ಚೆನ್ನಾಗಿ ತೊಳೆದು ಒರೆಸಿಟ್ಟೆ.

ಮುಂದಿನ ಸಂಕಷ್ಟಿಗೆ ಹೋಗುವಾಗ ಶಿರಸಿ ಪೇಟೆಯಿಂದ ಒಂದು ಬಾಟಲಿ ಜೇನುತುಪ್ಪ ಒಯ್ದೆ.

"ಇದೆಂತಕ್ಕೆ?" ಎಂದಳು ದೊಡ್ಡಮ್ಮ.

"ದೇವ್ರಿಗೆ," ಎಂದೆ.

ಅವಳು ನನ್ನ ಮುಖ ನೋಡದೆ ಬಾಟಲಿಯನ್ನು ಗಣಪತಿಯ ಪಕ್ಕದಲ್ಲೇ, ಕೈಗೆ ಸಿಗುವ ಹಾಗೆ, ಇಟ್ಟುಕೊಂಡಳು.